ಶೊವೆಲ್, ಡಂಪರ್ ಮತ್ತು ಗಣಿಯ ರಸ್ತೆ

ಅಮೆರಿಕದ ಯೂಟಾ ರಾಜ್ಯದ ಬಿಂಗಂ ಕ್ಯಾನ್ಯನ್ ಗಣಿಯಲ್ಲಿ ಒಂದು ಟನ್ ಅದಿರು ಅರೆದರೆ ಹತ್ತು ಕಿಲೋ ತಾಮ್ರವೂ ಸಿಗುವುದಿಲ್ಲ. ಅದಿರನ್ನು ಮುಟ್ಟಬೇಕಾದರೆ ಅದರ ಸುತ್ತಲಿನ ಬರಿ ಬಂಡೆಯನ್ನೂ ತೆಗೆದು ಹೊರಗೆ ಹಾಕಬೇಕು. ಅಲ್ಲಿನ ಬಡ ಅದಿರನ್ನೂ ಭಾರಿ ಪ್ರಮಾಣದಲ್ಲಿ ತೆಗೆದರೆ ಲಾಭವಿದೆ ಎಂದು ಡೇನಿಯಲ್ ಜಾಕ್ಲಿಂಗ್ ಎಂಬ ಎಂಜಿನಿಯರ್ 1899ರಲ್ಲಿ ವರದಿ ಕೊಟ್ಟಾಗ ಅನುಮಾನಪಟ್ಟವರೇ ಹೆಚ್ಚು. 1906ರಲ್ಲಿ ಉಗಿಯಿಂದ ಅಗೆಯುವ ಯಂತ್ರಗಳಾದ ಶೊವೆಲ್‌ಗಳು ಬೆಟ್ಟವನ್ನು ಕಡಿಯತೊಡಗಿದವು. ಅಗೆದದ್ದನ್ನು ರೈಲು ಹೊತ್ತಿತು. ಇಂದು ಅಲ್ಲಿರುವುದು ಸುಮಾರು 4 ಕಿ.ಮೀ. ಅಗಲ, 1.2 ಕಿ.ಮೀ. ಆಳದ ಗುಂಡಿ. ರೈಲಿನ ಕೆಲಸ ಭಾರಿ ಲಾರಿಗಳಾದ ಡಂಪರ್‌ಗಳ ಪಾಲಾಗಿದೆ.

ತೆರೆದ ಗಣಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುತ್ತಾರೆ. ಈ ಮೆಟ್ಟಿಲಿಗೆ ಗಣಿಯವರು ಬೆಂಚ್ ಎನ್ನುತ್ತಾರೆ. ಸಾಲಾಗಿ ರಂಧ್ರ ಕೊರೆದು, ಸಿಡಿಮದ್ದು ತುಂಬಿ ಸಿಡಿಸಿದರೆ ಬಂಡೆ ಒಡೆದು ರಾಶಿ ಬೀಳುತ್ತದೆ. ದೊಡ್ಡ ವಿದ್ಯುತ್ ಶೊವೆಲ್ ದಪ್ಪ ಕೇಬಲನ್ನು ಹಿಂದೆ ಎಳೆದುಕೊಂಡೇ ರಾಶಿಯ ಮುಂದೆ ಬಂದು ನಿಲ್ಲುತ್ತದೆ. ಬಕೆಟ್ಟನ್ನು ರಾಶಿಯ ಬುಡಕ್ಕೆ ನುಗ್ಗಿಸಿ ಉಕ್ಕಿನ ಹಗ್ಗದಿಂದ ಮೇಲಕ್ಕೆ ಎಳೆಯುತ್ತದೆ, ತುಂಬಿದ ಮೇಲೆ ಪಕ್ಕಕ್ಕೆ ತಿರುಗುತ್ತದೆ, ಬಕೆಟ್ಟಿನ ತಳದ ಬಾಗಿಲು ತೆರೆಯುತ್ತದೆ. ಇಷ್ಟಕ್ಕೂ ಅರ್ಧ ನಿಮಿಷ ಸಾಕು. ಅತಿ ದೊಡ್ಡ ಶೊವೆಲ್ಲು ಒಂದು ಬಾರಿಗೆ ಸುಮಾರು 100 ಟನ್ ಎತ್ತುತ್ತದೆ. 290 ಟನ್ ಹೊರುವ ಡಂಪರ್ ಮೂರು ಬಕೆಟ್ಟಿಗೆ ತುಂಬುತ್ತದೆ. ಸಿಡಿತ ಕೆಟ್ಟು ದೊಡ್ಡ ಬಂಡೆಗಳು ಉಳಿದರೆ ಮಾತ್ರ ಬಕೆಟ್ ಅರ್ಧಂಬರ್ಧ ತುಂಬಿ ಬರುತ್ತದೆ. ಸಿಡಿಮದ್ದಿನಲ್ಲಿ ಉಳಿಸಿದ ಹಣ ಇಲ್ಲಿ ಕೈಬಿಟ್ಟು ಹೋಗುತ್ತದೆ.

ಒಂದು ಶೊವೆಲ್ಲಿಗೆ ಎಷ್ಟು ಡಂಪರ್ ಬೇಕು? ಡಂಪರ್ ಜಾಗಕ್ಕೆ ಬಂದು ನಿಂತು ತುಂಬಿಸಿಕೊಳ್ಳಲು 3 ನಿಮಿಷ, ಹೋಗಿ ಸುರಿದು ಮರಳಿ ತುಂಬಿಸಿಕೊಳ್ಳುವ ಇಡೀ ಸುತ್ತಿಗೆ 24 ನಿಮಿಷ ಎಂದಿಟ್ಟುಕೊಂಡರೆ ಎಂಟು ಬೇಕು. ಏಳಾದರೆ ಶೊವೆಲ್ ಕಾಯುತ್ತದೆ, ಒಂಬತ್ತಾದರೆ ಡಂಪರ್‌ಗಳು ಸಾಲುಗಟ್ಟುತ್ತವೆ. ಲೆಕ್ಕ ಸರಿಯಿದ್ದರೂ ಒಂದು ಡಂಪರ್ ತಿರುವಿನಲ್ಲಿ ನಿಧಾನಿಸಿದರೆ ಹಿಂದಿನವೆಲ್ಲ ಅದರ ಬೆನ್ನಿಗೆ ಗುಂಪುಗೂಡುತ್ತವೆ. ಆದ್ದರಿಂದ ದೊಡ್ಡ ಗಣಿಗಳಲ್ಲಿ ಖಾಲಿ ಡಂಪರ್ ಯಾವ ಶೊವೆಲ್ಲಿಗೆ ಹೋಗಬೇಕೆಂಬುದನ್ನು ಕಂಪ್ಯೂಟರ್ ಆಗಿಂದಾಗ್ಗೆ ಹೇಳುತ್ತಿರುತ್ತದೆ. ಗುಂಡಿ ಆಳವಾದಷ್ಟೂ ದಾರಿ ಉದ್ದವಾಗುತ್ತದೆ. ಅಷ್ಟೇ ಅದಿರು ತರಲು ಡಂಪರ್‌ಗಳ ಸಂಖ್ಯೆಯೂ ಏರುತ್ತದೆ.

ಗಣಿ ನೋಡಲು ಹೋದವರು ಆಳೆತ್ತರ ಮೀರಿದ ಟಯರಿನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ರಸ್ತೆಯ ಕಡೆ ನೋಡುವವರು ಕಡಿಮೆ. ನನ್ನ ಪ್ರಕಾರ ಗಣಿಯ ಹಣೆಬರಹ ಬರೆಯುವುದು ಆ ರಸ್ತೆ. ಸಾಮಾನ್ಯವಾಗಿ ಅದರ ಏರು 8ರಿಂದ 10 ಶೇಕಡಾ. ಎದುರುಬದುರು ಓಡಾಟವಿದ್ದರೆ ಅಗಲ ಡಂಪರ್ ಅಗಲದ ಮೂರೂವರೆ ಪಟ್ಟು. ಅಂಚಿನಲ್ಲಿ ಕನಿಷ್ಠ ಟಯರಿನ ಅರ್ಧ ಎತ್ತರದಷ್ಟು ಮಣ್ಣಿನ ಒಡ್ಡು. ಗಟ್ಟಿಯಾದ, ಸಮತಟ್ಟಾದ ರಸ್ತೆಯಲ್ಲಿ ಚಕ್ರ ಉರುಳುವುದಕ್ಕೆ ಎದುರಾಗುವ ತಡೆ, ಏರಿಗೆ ಇನ್ನೆರಡು ಶೇಕಡಾ ಕೂಡಿದಂತೆ. ಕುಳಿಬಿದ್ದು ಮೆತ್ತಗಾದ ರಸ್ತೆಯಲ್ಲಿ ಅದು ಐದಕ್ಕೇರುತ್ತದೆ. 8 ಶೇಕಡಾ ಏರಿನಲ್ಲಿ ಒಟ್ಟು ಹತ್ತು ಶೇಕಡಾದ ಬದಲು ಹದಿಮೂರರ ತಡೆಯನ್ನು ಎದುರಿಸಬೇಕಾದ ಡಂಪರ್, ಗಂಟೆಗೆ 13 ಕಿ.ಮೀ. ಹೋಗುತ್ತಿದ್ದದ್ದು 10ಕ್ಕೆ ಇಳಿಯುತ್ತದೆ. ಡೀಸೆಲ್ ಹೆಚ್ಚು, ಟಯರು ಬಿಸಿ, ಸುತ್ತುಗಳು ಕಡಿಮೆ. ಹೊಸ ಡಂಪರ್ ಕೊಳ್ಳುವ ಮುನ್ನ ರಸ್ತೆ ಸಮಮಾಡುವ ಗ್ರೇಡರ್ ಮತ್ತು ನೀರಿನ ಟ್ಯಾಂಕರ್ ದಿನವೂ ರಸ್ತೆಗಿಳಿಯುತ್ತಿವೆಯೇ ಎಂದು ನೋಡುವುದು ಜಾಣತನ.

ಎಷ್ಟೋ ದೊಡ್ಡ ಡಂಪರ್‌ಗಳಲ್ಲಿ ಡೀಸೆಲ್ ಎಂಜಿನ್ ಚಕ್ರವನ್ನು ತಿರುಗಿಸುವುದಿಲ್ಲ. ಜನರೇಟರ್ ಓಡಿಸುತ್ತದೆ, ಹಿಂಚಕ್ರಗಳ ಮೋಟಾರುಗಳು ಆ ವಿದ್ಯುತ್ತಿನಿಂದ ತಿರುಗುತ್ತವೆ. ಇಳಿಜಾರಿನಲ್ಲಿ ಅದೇ ಮೋಟಾರುಗಳು ಜನರೇಟರುಗಳಾಗಿ ಗಾಡಿಯನ್ನು ತಡೆಯುತ್ತವೆ, ಹುಟ್ಟಿದ ವಿದ್ಯುತ್ತು ಶಾಖವಾಗಿ ಹೊರಹೋಗುತ್ತದೆ. ಭಾರತದ ಗಣಿಗಳಿಗೆ ಡಂಪರ್ ಒದಗಿಸುವ ಬಿಇಎಂಎಲ್ ಅವುಗಳನ್ನು ಮೈಸೂರಿನಲ್ಲಿ ತಯಾರಿಸುತ್ತದೆ. ಅದರ ಅಗೆಯುವ ಯಂತ್ರಗಳು ಕೆಜಿಎಫ್‌ನಿಂದ ಬರುತ್ತವೆ.

2008ರಿಂದ ಚಿಲಿಯ ಗಾಬ್ರಿಯೆಲಾ ಮಿಸ್ತ್ರಾಲ್ ತಾಮ್ರದ ಗಣಿಯಲ್ಲಿ ಚಾಲಕರಿಲ್ಲದ ಡಂಪರ್‌ಗಳು ಓಡುತ್ತಿವೆ. ಉಳಿದ ಹೆಚ್ಚಿನ ಗಣಿಗಳಲ್ಲಿ ಡಂಪರಿನ ಎತ್ತರದ ಕ್ಯಾಬಿನ್ನಿನಲ್ಲಿ ಕೂತ ಚಾಲಕರಿಗೆ ಪಕ್ಕದಲ್ಲೇ ನಿಂತ ಜೀಪು ಕಾಣುವುದಿಲ್ಲ. ಜೀಪಿಗೆ ಉದ್ದನೆ ಕೋಲಿನ ಬಾವುಟ ಕಟ್ಟುವುದು ಇದಕ್ಕೇ. ರೇಡಿಯೊದಲ್ಲಿ ಕೇಳಿ ಡಂಪರ್ ಚಾಲಕ ಒಪ್ಪುವವರೆಗೆ ಜೀಪು ಡಂಪರ್ ಹತ್ತಿರ ಸುಳಿಯಬಾರದು.