ರಬ್ಬರಿನ ಸಿಂಬಲ್ಲಿಗೆ ಕಂಚಿನ ನಾದ

ತೆಂಗಳಿಯ ಗುಡಿ ಮುಂದಿನ ಕಟ್ಟೆಗೆ ಶಹಾಬಾದಿನ ಪರಸಿ ಹಾಸಿದ್ದಾರೆ. ನುಣುಪು ಕಲ್ಲು, ಒದ್ದಷ್ಟೂ ಡ್ರಮ್ ಪೆಡಲ್ ಮುಂದಕ್ಕೆ ಜಾರುತ್ತದೆ. ಡ್ರಮ್ ಪ್ಯಾಡ್ ಬಾರಿಸುವ ಹುಡುಗ ಅದಕ್ಕೇ ಮೊದಲು ಜಮಖಾನ ಹಾಸಿ, ಅದರ ಮೇಲೆ ಸ್ಟ್ಯಾಂಡು ನಿಲ್ಲಿಸಿದ. ರಾತ್ರಿ ಭಜನೆ, ಆಮೇಲೆ ಹಾಡಿನ ಕಾರ್ಯಕ್ರಮ. ಆರ್ಕೆಸ್ಟ್ರಾದವರಿಗೆ ಎಲೆಕ್ಟ್ರಾನಿಕ್ ಪ್ಯಾಡ್ ಹೊಸದಲ್ಲ, ರೋಲ್ಯಾಂಡ್ ಕಂಪನಿಯ ಆಕ್ಟಾಪ್ಯಾಡ್ 1985ರಲ್ಲೇ ಬಂದಿದೆ. ಈ ಕಟ್ಟೆಗೆ ಹೊಸದೆಂದರೆ ಎರಡು ಕರೀ ರಬ್ಬರಿನ ಸಿಂಬಲ್ಲು, ಒಂದು ಲ್ಯಾಪ್‌ಟಾಪು.

ಡ್ರಮ್ಮಿನ ಸದ್ದನ್ನು ಪ್ಯಾಡಿಗೆ ಕೂಡಿಸುವುದು ಅಷ್ಟು ಕಷ್ಟವಲ್ಲ. ಹೊಡೆತ ಬಿತ್ತು, ಸದ್ದು ಎದ್ದಿತು, ಮುಗಿಯಿತು. ಸಿಂಬಲ್ಲಿನ ಜೀವವೆಲ್ಲ ಹೊಡೆದ ಮೇಲಿನದು. ರಬ್ಬರಿನಡಿ ಪಿಯೆಜೊ ಬಿಲ್ಲೆಯೊಂದು ಅದುರುವಿಕೆಯನ್ನು ವಿದ್ಯುತ್ತಾಗಿಸುತ್ತದೆ. ಅಂಚಿನ ಸುತ್ತ, ಒತ್ತಿದರೆ ಕೂಡುವ ಸ್ವಿಚ್ಚಿನ ಪಟ್ಟಿ. ಅಂಚಿಗೆ ಬಾರಿಸಿದರೆ ಕ್ರ್ಯಾಶ್ ಸಿಂಬಲ್ಲಿನ ಸದ್ದು ಬರಬೇಕು, ಬೆರಳಲ್ಲಿ ಹಿಡಿದರೆ ನಾದ ನಿಲ್ಲಬೇಕು.

ನಿಲ್ಲಲಿಲ್ಲ. ಹುಡುಗ ವೈರಿನ ಪಿನ್ ಕಿತ್ತು ಬಲ್ಬಿನ ಬೆಳಕಿಗೆ ಹಿಡಿದ. ಲೋಹದ ಮೇಲೆ ಒಂದೇ ಕರೀ ಗೆರೆ: ಮೊನೊ. ಎರಡು ಗೆರೆಯ ಸ್ಟೀರಿಯೊ ಪಿನ್ ಸಿಕ್ಕಿಸಿದ ಮೇಲೆ ಅಂಚಿಗೂ ದನಿ ಬಂತು, ಆದರೆ ಅದು ಟಾಮ್ ಡ್ರಮ್ಮಿನ ದನಿ! ಪ್ಯಾಡು ಲ್ಯಾಪ್‌ಟಾಪಿನೊಡನೆ ಮಾತಾಡುವ ಮಿಡಿ ಪದ್ಧತಿಯಲ್ಲಿ ಪ್ರತಿ ಸದ್ದಿಗೂ ಒಂದು ನಂಬರು. ಅಂಚು 48 ಕಳಿಸುತ್ತಿತ್ತು; ಕ್ರ್ಯಾಶಿನದು 49. ಅದನ್ನು ತಿದ್ದಿದ. ಹೊಡೆತಕ್ಕೂ ಸದ್ದಿಗೂ ನಡುವಿನ ತಡ ತಗ್ಗಲೆಂದು ಲ್ಯಾಪ್‌ಟಾಪಿನ ಬಫರನ್ನು 512 ಸ್ಯಾಂಪಲ್ಲಿನಿಂದ 128ಕ್ಕೆ ಇಳಿಸಿದ. ಸೆಕೆಂಡಿಗೆ 44,100 ಸ್ಯಾಂಪಲ್ಲಿನ ಲೆಕ್ಕದಲ್ಲಿ ಈಗ ಬಫರಿನ ತಡ ಸುಮಾರು 3 ಮಿಲಿಸೆಕೆಂಡು. ಅಷ್ಟರಲ್ಲಿ ಗಾಳಿಯಲ್ಲಿ ಸದ್ದು ದಾಟುವುದು ಬರೀ ಒಂದು ಮೀಟರು.

ಭಜನೆಗೆ ಬಂದ ಹಿರಿಯರೊಬ್ಬರು ಕೈಯಲ್ಲಿ ಝಾಂಜ್, ಅಂದರೆ ಕಂಚಿನ ತಾಳ, ಹಿಡಿದುಕೊಂಡೇ ನೋಡುತ್ತಿದ್ದರು.

"ಒಮ್ಮಿ ಬಾರಿಸಿ ನೋಡ್ರಿ ಕಾಕಾ. ಅಂಚು ಹಿಡದ್ರ ನಿಲ್ತದ."

ಬಾರಿಸಿದರು, ಹಿಡಿದರು. ನಾದ ಚಕ್ಕನೆ ಕಡಿಯಿತು.

"ಉಸಿರು ಕಟ್ಟಿದಂಗ ಆತಲ್ಲೋ ತಮ್ಮಾ!"

ಸರಿಯಾಗಿಯೇ ಹೇಳಿದರು. ಝಾಂಜ್ ಬಾರಿಸುವವರು ಕಂಚನ್ನು ಎದೆಗೆ ತರುತ್ತ ತರುತ್ತ ನಾದವನ್ನು ಇಳಿಸುತ್ತಾರೆ. ಈ ಸ್ವಿಚ್ಚಿಗೆ ಗೊತ್ತಿರುವುದು ಬಿಡುವುದು, ಹಿಡಿಯುವುದು ಎರಡೇ. ಸಾಫ್ಟ್‌ವೇರಿನವರು ದೊಡ್ಡ ಸ್ಟುಡಿಯೊಗಳಲ್ಲಿ ಹತ್ತಾರು ಮೈಕ್ ಇಟ್ಟು ಹಿಡಿದ ಸಿಂಬಲ್ಲುಗಳು ಬಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಹುಡುಗನ ಲ್ಯಾಪ್‌ಟಾಪಿನಲ್ಲಿ ಅವು ಸಾಲುಸಾಲಾಗಿದ್ದವು, ಝಾಂಜ್ ಮಾತ್ರ ಇರಲಿಲ್ಲ. ಭಜನೆಯ ನೆಲದಲ್ಲಿ ಬಾರಿಸುವವರ ಸದ್ದಿನ ಪೆಟ್ಟಿಗೆಯಲ್ಲಿ ಅದು ಇರಲೇಬೇಕು.

ಹುಡುಗನಿಗೂ ಅದೇ ಹೊಳೆದಿರಬೇಕು, ಝಾಂಜಿನ ನಾದವನ್ನು ರೆಕಾರ್ಡ್ ಮಾಡಲು ಹಾಡಿನ ಮೈಕನ್ನು ಹಿರಿಯರತ್ತ ತಿರುಗಿಸಿದ. ಹೊಡೆತದ ಬಿರುಸನ್ನು ಮಿಡಿ 1ರಿಂದ 127ರವರೆಗೆ ಅಳೆಯುತ್ತದೆ. ಅದಕ್ಕೇ ಹಗುರಕ್ಕೊಂದು, ನಡುವಿಗೊಂದು, ಜೋರಿಗೊಂದು ಸದ್ದು ಬೇರೆ ಬೇರೆಯಾಗಿ ತುಂಬಬೇಕು. ಎದೆಗೆ ತಂದು ಇಳಿಸಿದ್ದನ್ನೂ ಇನ್ನೊಂದು ಪ್ಯಾಡಿಗೆ ಕೊಡಬಹುದು. ಜೋರಿನದು ರೆಕಾರ್ಡ್ ಆಗುವಾಗಲೇ ಗುಡಿ ಮುಂದೆ ಟ್ರ್ಯಾಕ್ಟರ್ ಹಾಯ್ದು ಹೋಯಿತು.

"ಕೆಟ್ಟಿತೇನು? ಅಳಿಸು," ಎನ್ನುತ್ತ ಕಾಕಾ ಝಾಂಜಿನ ದಾರ ಬಿಗಿದುಕೊಂಡರು. "ಮತ್ತೊಮ್ಮಿ ಹೊಡೀತೀನಿ, ತಗೋ."