67 ನ್ಯಾನೊಸೆಕೆಂಡಿನೊಳಗೆ ಒಂದು ಲೋಕ

67.2 ನ್ಯಾನೊಸೆಕೆಂಡು! ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ನೆಟ್‌ವರ್ಕ್‌ನಲ್ಲಿ ಅತಿ ಚಿಕ್ಕ ಪ್ಯಾಕೆಟ್‌ಗಳು ಒಂದರ ಬೆನ್ನಿಗೊಂದು ನುಗ್ಗಿ ಬಂದರೆ ಪ್ರತಿಯೊಂದಕ್ಕೂ ಸಿಗುವ ಸಮಯ ಇಷ್ಟೇ. ಅಷ್ಟರಲ್ಲಿ ಬೆಳಕು ಕ್ರಮಿಸುವುದೇ ಬರೀ 20 ಮೀಟರ್. 3 ಗಿಗಾಹರ್ಟ್ಸ್ ಪ್ರೊಸೆಸರ್‌ಗೆ ಅದು ಸುಮಾರು 200 ಮಿಡಿತ. ಅಷ್ಟರೊಳಗೇ ಬಂದದ್ದನ್ನು ಎತ್ತಿಕೊಳ್ಳಬೇಕು, ವಿಳಾಸ ನೋಡಬೇಕು, ಮುಂದೆ ಬರುವುದಕ್ಕೆ ಮೆಮೊರಿಯಲ್ಲಿ ಜಾಗವನ್ನೂ ಮಾಡಬೇಕು!

ಲಿನಕ್ಸ್ ಕರ್ನಲ್ ಆ ಜಾಗವನ್ನು ಪುಟಗಳಾಗಿ ಹಂಚುತ್ತದೆ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಪುಟಕ್ಕೆ 4,096 ಬೈಟು. ಹಂಚಿಕೆಯ ತಳಹದಿ ಕೆನೆತ್ ನೋಲ್ಟನ್ 1965ರಲ್ಲಿ ಪ್ರಕಟಿಸಿದ ಜೋಡಿ ಪದ್ಧತಿ. ದೊಡ್ಡ ತುಂಡನ್ನು ಸರಿಯಾಗಿ ಎರಡಾಗಿ ಸೀಳುವುದು, ಬೇಕಾದರೆ ಮತ್ತೆ ಸೀಳುವುದು, ಬಿಡುವಾದಾಗ ಅವಳಿಗಳನ್ನು ಕೂಡಿಸುವುದು. ಇಷ್ಟು ಅಗಾಧ ಮೆಮೊರಿಯಲ್ಲಿ ಅವಳಿ ಎಲ್ಲಿದೆಯೆಂದು ಹುಡುಕಬೇಕೇ? ಬೇಡವೇ ಬೇಡ! ಪುಟದ ಸಂಖ್ಯೆಯಲ್ಲಿ ಒಂದೇ ಒಂದು ಬಿಟ್ ತಿರುಗಿಸಿದರೆ ಅವಳಿಯ ವಿಳಾಸ ಕೈಯಲ್ಲಿ.

ಆದರೂ ದಶಕಗಳ ಕಾಲ ಕೇಳುವವರು ಒಂದೊಂದೇ ಪುಟ ಕೇಳುತ್ತಿದ್ದರು. ಪ್ರತಿ ಸಲವೂ ಅದೇ ತಪಾಸಣೆ, ಅದೇ ಬೀಗ. ಮದುವೆ ಪಂಕ್ತಿಯಲ್ಲಿ ಎಲೆಗೊಮ್ಮೆ ಅಡುಗೆಮನೆಗೆ ಓಡಿಹೋಗಿ ಬಡಿಸಿದ ಹಾಗೆ! 2021ರಲ್ಲಿ ಬಂದ ಲಿನಕ್ಸ್ 5.13ರಲ್ಲಿ ಮೆಲ್ ಗೋರ್ಮನ್ ಬರೆದ ಸಗಟು ಹಂಚಿಕೆ ಸೇರಿಕೊಂಡಿತು. ಒಮ್ಮೆ ತಪಾಸಣೆ, ಒಮ್ಮೆ ಬೀಗ. ಆಮೇಲೆ ಪುಟ ಕೇಳಿದ ಸಿಪಿಯು ತನ್ನ ಬಳಿಯೇ ಇಟ್ಟುಕೊಂಡ ಪಟ್ಟಿಯಿಂದ ಪುಟಗಳು ಸಾಲುಸಾಲಾಗಿ ಹೊರಡುತ್ತವೆ.

ನನ್ನನ್ನು ಬೆರಗಾಗಿಸಿದ್ದು ವೇಗಕ್ಕಿಂತ ಈ ಸಗಟು ಹಂಚಿಕೆಯ ನಯ. ಕೇಳಿದಷ್ಟೂ ಕೊಡುತ್ತೇನೆಂದು ಅದು ಮಾತು ಕೊಡುವುದೇ ಇಲ್ಲ! ಸುಲಭವಾಗಿ ಸಿಕ್ಕಷ್ಟನ್ನು ಕೊಟ್ಟು, ಎಷ್ಟಾಯಿತೆಂದು ಹೇಳಿ ಸುಮ್ಮನಾಗುತ್ತದೆ. ಸಗಟಿನಲ್ಲಿ ಏನೂ ಸಿಗದಿದ್ದರೆ ಹಳೆಯ ದಾರಿಯಲ್ಲಿ ಒಂದು ಪುಟಕ್ಕಾದರೂ ಪ್ರಯತ್ನಿಸುತ್ತದೆ. ಇನ್ನೂ ಸೊಗಸಿನ ಸಂಗತಿ: ಪುಟಗಳ ಸಾಲೊಂದನ್ನು ಅದರ ಮುಂದಿಟ್ಟರೆ ಖಾಲಿ ಜಾಗಗಳನ್ನಷ್ಟೇ ತುಂಬುತ್ತದೆ, ಮಿಕ್ಕವನ್ನು ಮುಟ್ಟುವುದಿಲ್ಲ. ಕೋರಿಕೆ ಮುಗಿದಾಗ ಕೆಲವೇ ಪುಟಗಳನ್ನು ಕಳೆದುಕೊಂಡಿರುವ, ನೆಟ್‌ವರ್ಕ್ ಮೂಲಕ ಕಡತಗಳನ್ನು ಒದಗಿಸುವ ಎನ್‌ಎಫ್‌ಎಸ್ ಸರ್ವರ್‌ಗೆ ಬೇಕಾದದ್ದು ಕರಾರುವಾಕ್ಕಾಗಿ ಇದೇ!

ಮೊದಲು ಇದನ್ನು ಬಳಸಿದ್ದು ನೆಟ್‌ವರ್ಕ್ ವಿಭಾಗ ಮತ್ತು ಎನ್‌ಎಫ್‌ಎಸ್. ಮುಂದಿನ ಆವೃತ್ತಿಯಲ್ಲೇ ಕರ್ನಲ್‌ನ ವಿಎಂಅಲಾಕ್ ಕೂಡ ಇದರತ್ತ ತಿರುಗಿತು. ಚದುರಿದ ಪುಟಗಳನ್ನು ಪೋಣಿಸಿ ಅಖಂಡ ಜಾಗದಂತೆ ತೋರಿಸುವ ಆ ಭಾಗ ಈಗ ಒಂದೇ ಉಸಿರಿಗೆ ನೂರು ಪುಟಗಳವರೆಗೆ ಕೇಳುತ್ತದೆ.