ತೊಂಬತ್ತೆರಡರ ಕೈಗೆ ಮತ್ತೆ ವಿಮಾನ

2015ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದ ಗುಡ್‌ವುಡ್‌ನಿಂದ ಎರಡು ಸೀಟಿನ ಸ್ಪಿಟ್‌ಫೈರ್ ವಿಮಾನವೊಂದು ಮೇಲೇರಿತು. ಒಳಗೆ ಕುಳಿತಿದ್ದ ಜಾಯ್ ಲಾಫ್ಟ್‌ಹೌಸ್ ಅವರಿಗೆ ಆಗ 92 ವರ್ಷ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಏರ್ ಟ್ರಾನ್ಸ್‌ಪೋರ್ಟ್ ಆಕ್ಸಿಲಿಯರಿಯ ಪೈಲಟ್. ಯುದ್ಧವಿಮಾನಗಳನ್ನು ವಾಯುನೆಲೆಗಳಿಗೆ ತಲುಪಿಸುವುದು ಆ ಸಂಸ್ಥೆಯ ಕೆಲಸ. ರೇಡಿಯೊ ಇಲ್ಲದೆ, ಕೆಳಗೆ ಕಾಣುವ ರೈಲುಹಳಿ, ನದಿಗಳನ್ನೇ ನಂಬಿ ಹಾರುತ್ತಿದ್ದವರು ಅವರು. ಸುಮಾರು 70 ವರ್ಷಗಳ ಬಳಿಕ, ಆಕಾಶದಲ್ಲಿ ಸ್ವಲ್ಪ ಹೊತ್ತು ಸ್ಪಿಟ್‌ಫೈರ್ ಮತ್ತೆ ಅವರ ಹತೋಟಿಗೆ ಬಂತು.

ಇದು ಹೇಗೆ ಸಾಧ್ಯ? ನಿನ್ನೆ ಯಾರು ಬಂದಿದ್ದರು ಎಂಬುದನ್ನು ನೆನಪಿಡುವ ಮಿದುಳಿನ ವ್ಯವಸ್ಥೆ ಬೇರೆ, ಕೈಕಾಲು ಕಲಿತ ಕೌಶಲವನ್ನು ಕಾಪಾಡುವ ವ್ಯವಸ್ಥೆ ಬೇರೆ. ಮೂರ್ಛೆರೋಗಕ್ಕಾಗಿ 1953ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಹೆನ್ರಿ ಮೊಲೈಸನ್ ಎಂಬ ಅಮೆರಿಕನ್ನರಿಗೆ ಹೊಸ ಘಟನೆ ಯಾವುದೂ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಆದರೆ ಮನಃಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಹೇಳಿದಂತೆ ಕನ್ನಡಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುತ್ತಾ ಹೋದಾಗ ಅವರ ಕೈ ದಿನದಿಂದ ದಿನಕ್ಕೆ ಪಳಗಿತು. ಅಭ್ಯಾಸ ಮಾಡಿದ್ದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕೈಯ ಈ ಕಲಿಕೆ ಕಿರುಮಿದುಳು ಮತ್ತು ಮಿದುಳಿನ ಆಳದ ನರಗಂಟುಗಳನ್ನು ಆಶ್ರಯಿಸಿದೆ. ಸೈಕಲ್ ಕಲಿತವರು ಎಷ್ಟೋ ವರ್ಷ ಬಿಟ್ಟು ಹತ್ತಿದರೂ ಬೀಳದಿರುವುದು ಇದರಿಂದಲೇ.

ವಯಸ್ಸು ಮೊದಲು ಕಸಿಯುವುದು ವೇಗವನ್ನು. ಏಕಕಾಲಕ್ಕೆ ನಾಲ್ಕಾರು ಕಡೆ ಗಮನವಿಡುವ ಶಕ್ತಿ ಕುಗ್ಗುತ್ತದೆ. ಲ್ಯಾಂಡಿಂಗ್ ಬೇಡುವುದು ಅದನ್ನೇ. ಹಾಗಾಗಿ ನಿವೃತ್ತ ಪೈಲಟ್ ಒಬ್ಬರನ್ನು ಪುಟ್ಟ ವಿಮಾನದಲ್ಲಿ ಕರೆದೊಯ್ಯುವವರಿಗೆ ನನ್ನ ಸಲಹೆ ಇಷ್ಟು: ಟೇಕಾಫ್, ಲ್ಯಾಂಡಿಂಗ್ ನೀವೇ ನೋಡಿಕೊಳ್ಳಿ. ಮೇಲೆ ನೇರ ಹಾರಾಟದಲ್ಲಿ ಸ್ಟಿಕ್ ಅವರಿಗೆ ಕೊಡಿ. ಅವರನ್ನು ಬರೀ ಪ್ರಯಾಣಿಕರಂತೆ ಕೂರಿಸಿ ತಿರುಗಿಸಿ ತರುವುದು, ಅವರಲ್ಲಿ ಗಟ್ಟಿಯಾಗಿ ಉಳಿದಿರುವುದನ್ನೇ ಬಳಸದೆ ಬಿಟ್ಟಂತೆ.

ಎತ್ತರಕ್ಕೆ ಹೋದರೆ ಉಸಿರಿಗೆ ಕಷ್ಟವಾದೀತೆಂಬ ಆತಂಕ ಮನೆಯವರಿಗೆ ಸಹಜ. ಲೆಕ್ಕ ಹಾಕಿ ನೋಡಿ. ದೊಡ್ಡ ವಿಮಾನದ ಕ್ಯಾಬಿನ್ನಿನ ಗಾಳಿಯ ಒತ್ತಡ 8,000 ಅಡಿ ಎತ್ತರದಲ್ಲಿ ಇರುವಷ್ಟಕ್ಕೆ ಇಳಿಯಬಹುದು. ಅದು ಮುಳ್ಳಯ್ಯನಗಿರಿಯ ನೆತ್ತಿಗಿಂತಲೂ ಎತ್ತರ. ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿ ಹಾರುವ ಪುಟ್ಟ ವಿಮಾನದಲ್ಲಿ ಸಿಗುವುದು ಹೆಚ್ಚುಕಡಿಮೆ ಬೆಂಗಳೂರಿನ ಬೀದಿಯಲ್ಲಿ ಸಿಗುವಷ್ಟೇ ಗಾಳಿ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ವೈದ್ಯರನ್ನು ಕೇಳಲೇಬೇಕು, ನಿಜ. ಉಳಿದವರಿಗೆ ಎತ್ತರಕ್ಕಿಂತ ದೊಡ್ಡ ಸವಾಲು ತಿರುವು.

ಎತ್ತರ ಬಿಡದೆ ತಿರುಗುವ ವಿಮಾನ ಓರೆಯಾದಷ್ಟೂ ದೇಹ ಭಾರವಾಗುತ್ತದೆ. 50 ಕೆ.ಜಿ. ತೂಕದ ಅಜ್ಜಿಗೆ 30 ಡಿಗ್ರಿ ವಾಲಿದಾಗ ಸುಮಾರು 58 ಕೆ.ಜಿ.ಯಂತೆ, 60 ಡಿಗ್ರಿಯಲ್ಲಿ ಪೂರಾ 100 ಕೆ.ಜಿ.ಯಂತೆ ಅನಿಸುತ್ತದೆ. ಆಗ ರಕ್ತ ಕಾಲಿನ ಕಡೆ ಜಗ್ಗುತ್ತದೆ. ಅದನ್ನು ಮಿದುಳಿಗೆ ಏರಿಸಲು ರಕ್ತನಾಳಗಳು ಬಿಗಿಯಬೇಕು, ಹೃದಯ ಜೋರಾಗಬೇಕು; ವಯಸ್ಸಾದಂತೆ ಈ ಪ್ರತಿಕ್ರಿಯೆ ನಿಧಾನ. ಒಳಗಿವಿಯಲ್ಲಿ ಸಮತೋಲ ಕಾಯುವ ರೋಮಕೋಶಗಳೂ ಕಡಿಮೆಯಾಗಿರುತ್ತವೆ, ಅವುಗಳ ಕೊರತೆಯನ್ನು ಕಣ್ಣು ತುಂಬಿಕೊಡಬೇಕು. ದಿಗಂತ ಸ್ಪಷ್ಟವಾಗಿ ಕಾಣುವ ದಿನವನ್ನೇ ಆರಿಸಿಕೊಂಡರೆ ಒಳ್ಳೆಯದು. ಮುಂಜಾನೆಯಾದರೆ ಇನ್ನೂ ಉತ್ತಮ: ನೆಲ ಕಾಯುವ ಮೊದಲು ಬಿಸಿಗಾಳಿಯ ಎತ್ತಾಟ ಇರುವುದಿಲ್ಲ.

ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಿ ಕಿವಿ ಕಟ್ಟುತ್ತದೆ. ನಿಧಾನವಾಗಿ ಇಳಿಸಿ, ಆಗಾಗ ಎಂಜಲು ನುಂಗಲು ಹೇಳಿ. ಎಂಜಿನ್ ನಿಂತ ಕೂಡಲೇ ಎಬ್ಬಿಸಬೇಡಿ. ಬಹಳ ಹೊತ್ತು ಕುಳಿತು ದಿಢೀರನೆ ಎದ್ದರೆ ರಕ್ತದೊತ್ತಡ ಕುಸಿದು ತಲೆ ಸುತ್ತಬಹುದು. ಪುಟ್ಟ ವಿಮಾನದ ಕಿರಿದಾದ ಮೆಟ್ಟಿಲು, ಜಾರುವ ರೆಕ್ಕೆ ಬೇರೆ ಇವೆ. ಎರಡು ನಿಮಿಷ ಕೂತೇ ಮಾತಾಡಲಿ, ಪಾದಗಳನ್ನು ಆಡಿಸಲಿ. ಆಮೇಲೆ ಒಬ್ಬರು ಕೆಳಗೆ, ಒಬ್ಬರು ಹಿಂದೆ ನಿಂತು ಕೈಹಿಡಿದು ಇಳಿಸಿ.